ನನ್ನ ಕೆನ್ನೆಯ ಚೂರು

ಮಾರ್ಚ್ 4
ಇವತ್ತೂ ಕೆಟ್ಟಿತು. ಬಾಯಲ್ಲಿ ಬಿಳಿ ಮಚ್ಚೆ ಇದ್ದವರ ಹಳೆಯ ಬಯಾಪ್ಸಿಗಳು ಚೆನ್ನಾಗಿಯೇ ಸ್ಟೇನ್ ಆಗಿ ಬಣ್ಣ ಹಿಡಿದಿವೆ — ಕೆಲವು ಕಂದು, ಕೆಲವು ಬರೀ ನೀಲಿ. ಕಂದು ಬಂದ ಮಚ್ಚೆ ಮುಂದೆ ಕ್ಯಾನ್ಸರ್ ಆಗುತ್ತದೆ ಎನ್ನುವುದು ನಮ್ಮ ಮಾರ್ಕರಿನ, ಅಂದರೆ ಈ ಕಂದು ಗುರುತಿನ, ವಾದ. ಆದರೆ ಹೋಲಿಕೆಗೆಂದು ಜೊತೆಗಿಡುವ ಆರೋಗ್ಯವಂತ ಚೂರು, ಕಂಟ್ರೋಲ್, ನೀಲಿಯಾಗಿ ಉಳಿಯಬೇಕಲ್ಲ? ಅದೂ ಕಂದು. ಇಡೀ ಬ್ಯಾಚ್ ಕಸದ ಬುಟ್ಟಿಗೆ.
ಆ ಚೂರು ನನ್ನದೇ. ಹೋದ ವರ್ಷ ಬುದ್ಧಿಹಲ್ಲು ಕೀಳಿಸಿದಾಗ ಕೆನ್ನೆಯ ಒಳಗಿಂದ ತೆಗೆಸಿ ದಾನ ಮಾಡಿದ್ದು. ಹಲ್ಲು ತಾಗಿ ತಾಗಿ ಅಲ್ಲಿ ಸ್ವಲ್ಪ ದೊರಗಾಗಿತ್ತು, ಅಷ್ಟೇ. ಮೈಕ್ರೋಸ್ಕೋಪಿನಲ್ಲಿ ಅಚ್ಚುಕಟ್ಟಾಗಿತ್ತು.

ಮಾರ್ಚ್ 7
ಕಂದು ಬಣ್ಣ ಬರಿಸುವ ಆಂಟಿಬಾಡಿ ದ್ರವವನ್ನು ತೆಳು ಮಾಡಿದೆ. ಹೊಸ ಬಾಟಲಿ ತೆರೆದೆ. ಮತ್ತೆ ಕಂದು. ನಮ್ಮ ಲ್ಯಾಬಿನ ಮುಖ್ಯಸ್ಥೆ, ಬಾಯಿರೋಗಗಳ ಡಾಕ್ಟರೂ ಆದ ಮೇಡಂ, ರೋಗಕ್ಕೂ ಆರೋಗ್ಯಕ್ಕೂ ಒಂದೇ ಬಣ್ಣ ಬಳಿಯುವ ಮಾರ್ಕರ್ ಯಾಕೆ ಬೇಕು, ಮುಂದಿನ ವಾರವೂ ಹೀಗಾದರೆ ಬಿಟ್ಟುಬಿಡೋಣ ಎಂದರು. ಮನೆಗೆ ಬಂದು ಗಂಡನ ಮೇಲೆ ರೇಗಿದೆ. ನಿನ್ನ ಕೆನ್ನೆಗೂ ನಿನ್ನಷ್ಟೇ ಮೊಂಡುತನ ಎಂದು ನಕ್ಕ.

ಮಾರ್ಚ್ 12
ಟೆಕ್ನಿಷಿಯನ್ ಅಕ್ಕ ಹಲ್ಲು ಕೀಳಿಸಿಕೊಂಡರು. ಅವರ ಒಸಡಿನ ಚೂರನ್ನೇ ಕಂಟ್ರೋಲ್ ಮಾಡಿದೆವು. ಅಚ್ಚ ನೀಲಿ! ಬ್ಯಾಚ್ ಪಾಸ್. ನನ್ನದು ಹಾಳಾದ ಚೂರು ಎಂದು ತೀರ್ಮಾನ. ಅಕ್ಕನನ್ನು ಹಿಡಿಯುವವರಿಲ್ಲ.

ಮಾರ್ಚ್ 20, ಮಧ್ಯಾಹ್ನ
ಕೋಡ್ ಬಿಚ್ಚಿದರು. ಯಾವ ಸ್ಲೈಡ್ ಯಾರದು, ಅವರಿಗೆ ಆಮೇಲೆ ಏನಾಯಿತು — ಇವತ್ತಿನವರೆಗೆ ನಮಗೆ ಗೊತ್ತಿರಲಿಲ್ಲ. ಕಂದು ಬಂದವರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಆಗಿದೆ. ನೀಲಿಯವರಲ್ಲಿ ಹುಡುಕಿದರೂ ಇಲ್ಲ ಎನ್ನುವಷ್ಟು ಕಡಿಮೆ. ಮಾರ್ಕರ್ ಗೆದ್ದಿತು. ಕುಣಿಯುವುದೊಂದು ಬಾಕಿ... ಅಲ್ಲ, ಕುಣಿದೆ. ಮೇಡಂ ನೋಡಿದರು.

ಸಂಜೆ
ಬಸ್ಸಿನಲ್ಲಿ ಒಬ್ಬಳೇ ನಗುತ್ತ ಕೂತಿದ್ದೆ. ಥಟ್ಟನೆ ಹೊಳೆಯಿತು. ಸ್ಟೇನ್ ಮೊದಲಿಂದಲೂ ಸರಿಯಾಗಿಯೇ ಇತ್ತು. ಹಾಗಾದರೆ ನನ್ನ ಚೂರು —
ಮನೆ. ಕನ್ನಡಿ, ಟಾರ್ಚ್. ಚೂರು ತೆಗೆಸಿದ ಜಾಗದ ಪಕ್ಕ ಬಿಳಿ ಮಚ್ಚೆ. ಅಂಗಿಯ ಗುಂಡಿಗಿಂತ ಚಿಕ್ಕದು. ಹೆದರಿಕೆಯಾಯಿತು. ನಿಜ ಹೇಳಬೇಕೆಂದರೆ ಖುಷಿಯೂ ಆಯಿತು. ನಾಚಿಕೆಗೆಟ್ಟ ಖುಷಿ: ಮಾರ್ಕರ್ ಇಲ್ಲೂ ಸುಳ್ಳಾಗಲಿಲ್ಲ. ಗಂಡನಿಗೆ ತೋರಿಸಿದೆ. ಈ ಸಲ ಅವನು ನಗಲಿಲ್ಲ.

ಮಾರ್ಚ್ 21
ಮೇಡಂ ಬಹಳ ಹೊತ್ತು ಬಾಯಿ ನೋಡಿದರು.
“ಬೇರೆ ಯಾರಾದ್ರೂ ಆಗಿದ್ರೆ ಆರು ತಿಂಗಳು ಬಿಟ್ಟು ಬನ್ನಿ ಅಂತಿದ್ದೆ. ನಿನ್ನ ಮಾರ್ಕರ್‌ನ ನೀನು ನಂಬ್ತೀಯೇನಮ್ಮ?”
“ನಂಬ್ತೀನಿ ಮೇಡಂ.”
ಸರ್ಜನ್‌ಗೆ ಫೋನ್ ಮಾಡಿದರು.

ಏಪ್ರಿಲ್ 2, ಬೆಳಿಗ್ಗೆ
ನಾಲ್ಕು ದಿನದ ಹಿಂದೆ ಮಚ್ಚೆ ತೆಗೆದರು. ಬಾಯಿಗೆ ಹೊಲಿಗೆ. ಮಾತು ಬಂದ್. ಗಂಡನಿಗೆ ಹಬ್ಬ.
ರಿಪೋರ್ಟನ್ನು ಮೇಡಂ ತಾವೇ ತಂದರು. ತೆಗೆದ ಮಚ್ಚೆಯ ಆಳದಲ್ಲಿ ಜೀವಕೋಶಗಳು ಕೆಡತೊಡಗಿದ್ದವು. ಇನ್ನೂ ಕ್ಯಾನ್ಸರ್ ಆಗಿರಲಿಲ್ಲ. ಸುತ್ತಲಿನ ಅಂಚೆಲ್ಲ ಸ್ವಚ್ಛ, ಏನೂ ಉಳಿದಿಲ್ಲ. ಅತ್ತುಬಿಟ್ಟೆ. ಹೊಲಿಗೆ ಜಗ್ಗಿ ನೋಯುವಷ್ಟು ಅತ್ತೆ.

ಏಪ್ರಿಲ್ 5
ನಿದ್ದೆಯಿಂದ ಎದ್ದವಳೇ ಲ್ಯಾಬಿಗೆ ಓಡಿದೆ, ನನಗೆ ರಜೆಯಿದ್ದರೂ. ಕಂದು ಬಂದವರಲ್ಲಿ ಮೂವರು ಇನ್ನೂ ಆರಾಮಾಗಿದ್ದಾರೆ. ನಮ್ಮ ಲೆಕ್ಕದಲ್ಲಿ ಅವರನ್ನು ಮಾರ್ಕರಿನ ತಪ್ಪು ಎಂದು ಬರೆದಿದ್ದೇವೆ. ಅವರು ತಪ್ಪಲ್ಲದಿದ್ದರೆ? ನನ್ನ ಹಾಗೆ ಇನ್ನೂ ಸಮಯ ಇರುವವರಾದರೆ?
ಚೀಟಿ ಬರೆದು ತೋರಿಸಿದೆ. ಮೇಡಂ ಓದಿ ಆ ಮೂವರ ಫೈಲ್ ತೆಗೆದರು. ಆಮೇಲೆ, ಈಗಲೇ ಕರೆಸಿ ಎಂದರು. ನನಗೆ ಮಾತಾಡಲು ಆಗದು, ಅಕ್ಕನೇ ಮೊದಲನೆಯವರಿಗೆ ಫೋನ್ ಹಚ್ಚಿದ್ದಾರೆ. ಪಕ್ಕದಲ್ಲಿ ಕೂತು ಗೀಚುತ್ತಿದ್ದೇನೆ. ರಿಂಗ್ ಆಗುತ್ತಿದೆ. ಆಗುತ್ತಲೇ ಇದೆ... ಎತ್ತಿದರು —