ಕಣಗಿಲೆಯಲ್ಲದ ಮರ

ಅಮ್ಮಾ,

ನೀನು ಇಲ್ಲವಾದ ಮೇಲೆ ಹೇಗಿದ್ದೀಯ ಅಂತ ಕೇಳುವ ಹಾಗಿಲ್ಲ. ಆದರೂ ಸಿಡ್ನಿಗೆ ಹೋಗಿ ಬಂದ ಸಂಗತಿ ನಿನಗೆ ಹೇಳದೆ ಇರಲಾಗುತ್ತಿಲ್ಲ.

ಎಂಬತ್ತೊಂಬತ್ತರಲ್ಲಿ ನಾವು ಅಲ್ಲಿ ಆ ಮನೆ ಕೊಂಡ ಹೊಸತು, ನೆನಪಿದೆಯಾ? ಮೈಸೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು ನೀನು. ಇಲ್ಲಿ ನಿನ್ನ ಡಿಗ್ರಿ ನಡೆಯುವುದಿಲ್ಲ ಅಂದುಬಿಟ್ಟರು. ಎಲ್ಲಿ ಹೋದರೂ ನೀನು ಡಾಕ್ಟರ ಹೆಂಡತಿ, ಅಷ್ಟೇ. ಅದು ನಿನ್ನನ್ನು ಎಷ್ಟು ಕೊರೆಯುತ್ತಿತ್ತು ಅಂತ ನನಗೆ ಗೊತ್ತಿತ್ತು.

ಪಕ್ಕದ ಮನೆಯ ಗ್ರೀಕ್ ಆಂಟಿ ಒಂದು ದಿನ ಬೇಲಿಯಾಚೆಯಿಂದ, ನಿಮ್ಮ ಅಂಗಳದ ಮರ ಕಣಗಿಲೆ, ವಿಷ, ಕಡಿಸಿಬಿಡಿ ಅಂದರು. ಕಾರು ನಿಲ್ಲಿಸುವ ಚಪ್ಪರಕ್ಕೆ ಜಾಗ ಹುಡುಕುತ್ತಿದ್ದ ಅಪ್ಪನಿಗೆ ಅಷ್ಟು ಸಾಕಾಯಿತು. ಶನಿವಾರಕ್ಕೆ ಮರ ಕಡಿಯುವವನನ್ನು ಬುಕ್ ಮಾಡಿದರು. ನೀನು ಒಂದು ಎಲೆ ಮುರಿದೆ. ಹಾಲು ಬರಲಿಲ್ಲ.

"ಕಣಗಿಲೆಗೆ ಒಂದೊಂದು ಗೆಣ್ಣಿಗೂ ಮೂರು ಎಲೆ ಕಣ್ರೀ. ಇದು ಬೇರೆ ಏನೋ. ಹಣ್ಣು ಬಿಡೋವರೆಗೂ ಯಾರೂ ಮುಟ್ಟಕೂಡದು."

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಅಪ್ಪನಿಗೆ ಹೆಂಡತಿಯ ಸಸ್ಯಶಾಸ್ತ್ರ ಹಾಗೇ ಇತ್ತು. ನೀನೋ, ಶನಿವಾರ ಬೆಳಿಗ್ಗೆ ಮರದ ಕೆಳಗೇ ಕುರ್ಚಿ ಹಾಕಿಕೊಂಡು ಕಾಫಿ ಕುಡಿಯುತ್ತಾ ಕೂತೆ. ಬಂದವನು ನಿನ್ನ ಮುಖ ನೋಡಿ ವಾಪಸ್ ಹೋದ. ನನ್ನಮ್ಮ ಅಂದರೆ...

ಮರುವರ್ಷ ಹಣ್ಣಾಯಿತು. ಕಪ್ಪನೆಯ ಹಣ್ಣು, ಬೀಜ ಮಾತ್ರ ಗೋಡಂಬಿಯ ಹಾಗೆ ಹೊರಗೆ. ಬಾಯಿಗೆ ಹಾಕಲು ಹೋದ ನನ್ನ ಕೈಗೊಂದು ಏಟು ಕೊಟ್ಟು, ಮೊದಲು ಹೆಸರು, ಆಮೇಲೆ ರುಚಿ ಅಂದೆ. ಲೈಬ್ರರಿಯ ಪುಸ್ತಕಗಳನ್ನೆಲ್ಲ ನೀನು ಜಾಲಾಡಿದೆ. ಹ್ಯಾರಿಸ್ ಪಾರ್ಕ್ ಬಡಾವಣೆಯ ದಿನಸಿ ಅಂಗಡಿಯ ಬ್ಯಾಗಿನಲ್ಲಿ ಒಂದು ಕೊಂಬೆ ಹಾಕಿಕೊಂಡು ನಾವಿಬ್ಬರೂ ಟ್ರೇನು ಹತ್ತಿ ಸಸ್ಯತೋಟಕ್ಕೆ ಹೋದೆವು. ಅಲ್ಲಿಯ ತಜ್ಞರು ಬಾಯಿ ತೆರೆಯುವ ಮೊದಲೇ, ಇದು ಈ ನೆಲದ್ದೇ ಕಾಡು ಪ್ಲಮ್, ಇಲ್ಲವಾರಾ ಪ್ಲಮ್ ಅಂತಾರಲ್ಲ ಅದು, ಅಂತ ನೀನೇ ಅಂದೆ. ಅವರು ಎಲೆ, ಬೀಜ ಎಲ್ಲ ತಿರುಗಿಸಿ ನೋಡಿ ಹೌದು ಅಂದರು. ವಾಪಸ್ ಬರುವಾಗ ನೀನು ಟ್ರೇನಿನಲ್ಲಿ ಕೂತಿದ್ದ ಠೀವಿ ಏನು ಕೇಳುತ್ತೀ.

ಈಗ ನಾನು ಮೆಲ್ಬರ್ನ್‌ನಲ್ಲಿದ್ದೇನೆ. ಹೋದ ವಾರ ಸಿಡ್ನಿಯಲ್ಲಿ ಕೆಲಸವಿತ್ತು, ಆ ಬೀದಿಗೂ ಹೋದೆ. ಮನೆ ಮಾರಿ ಎಷ್ಟೋ ಕಾಲವಾಯಿತಲ್ಲ, ಮರ ಎಲ್ಲಿ ಉಳಿದಿರುತ್ತೆ ಅಂದುಕೊಂಡಿದ್ದೆ. ಇದೆ ಅಮ್ಮಾ, ಸೂರಿಗಿಂತ ಎತ್ತರವಾಗಿದೆ. ಬೇಲಿಯ ಹತ್ತಿರ ನಿಂತು ನೋಡುತ್ತಿದ್ದ ನನಗೆ, ನಾನು ಯಾರೆಂದೇ ಗೊತ್ತಿಲ್ಲದೆ, ಹೊಸ ಮನೆಯಾಕೆ ತಾನಾಗಿ ವಿವರಿಸಿದಳು. ಇದು ನೇಟಿವ್ ಪ್ಲಮ್, ಕಡಿಯಬೇಡಿ ಅಂತ ಪಕ್ಕದ ಮನೆಯ ಅದೇ ಗ್ರೀಕ್ ಆಂಟಿ ಮೊದಲ ದಿನವೇ ಹೇಳಿದರಂತೆ. ಇದನ್ನು ಗುರುತು ಹಿಡಿದವರು ಯಾರು ಅಂತ ಕೇಳಿದೆ.

ಹೆಸರು ಗೊತ್ತಿಲ್ಲ, ಇಂಡಿಯಾದಿಂದ ಬಂದಿದ್ದ ಒಬ್ಬ ಟೀಚರ್ ಅಂದಳು.