ಒಂದೇ ಡ್ರಾಯರಿನ ಎರಡು ತೋಟಾ

ಚಿಕ್ಕನಿಗೆ,

ಆರು ವರ್ಷದ ಮೇಲೆ ಬರೆಯುತ್ತಿದ್ದೇನೆ. ಕ್ಷೇಮ ಸಮಾಚಾರ ಆಮೇಲೆ ಕೇಳುತ್ತೇನೆ, ಮೊದಲು ಈ ಪೊಟ್ಟಣ ಬಿಚ್ಚು. ಒಳಗೆ ಹತ್ತಿಯಲ್ಲಿ ಸುತ್ತಿಟ್ಟ ಹಿತ್ತಾಳೆಯ ಖಾಲಿ ಚಿಪ್ಪು ಇದೆ, ಹಾರಿಸಿದ ತೋಟಾದ್ದು. ಅದರ ಬುಡ ನೋಡು. ಕನ್ನಡಕ ಹಾಕಿಕೊಂಡು ನೋಡು, ನಿನಗೂ ಈಗ ವಯಸ್ಸಾಗಿರಬೇಕು.

ಮೊನ್ನೆ ಶನಿವಾರ ರೈಫಲ್ ಕ್ಲಬ್ಬಿನ ಕೋಚ್ ಮೇಡಂ ನಮ್ಮ ಅಂಗಡಿಯ ತೋಟಾ ಹಾರಿಸಿದಾಗ ಬಂದೂಕಿನ ಹಿಂಭಾಗದಿಂದ ಬಿಸಿ ಹೊಗೆ ನುಗ್ಗಿ ಮುಖಕ್ಕೆ ಹೊಡೆಯಿತು. ಕನ್ನಡಕವಿತ್ತು, ಕಣ್ಣು ಉಳಿಯಿತು. ಕೆನ್ನೆ ಸುಟ್ಟಿದೆ. ಚಿಪ್ಪು ಒಳಗೇ ಕಚ್ಚಿಕೊಂಡುಬಿಟ್ಟು, ತೋಟಾದ ಹಿಂದೆ ಮುಚ್ಚುವ ಬೋಲ್ಟನ್ನು ಮರದ ಸುತ್ತಿಗೆಯಿಂದ ಬಡಿದು ಬಿಡಿಸಬೇಕಾಯಿತಂತೆ. ಸೋಮವಾರ ಬೆಳಿಗ್ಗೆ ಕೆನ್ನೆಗೆ ಪಟ್ಟಿ ಹಾಕಿಕೊಂಡು ಬಂದು ಅವಳೇ ನನಗೆ ಸಮಾಧಾನ ಹೇಳಿದಳು. "ನಿಮ್ದೇನೂ ತಪ್ಪಿಲ್ಲ ಬಿಡಿ ಅಮ್ಮ, ರೈಫಲ್ಲೇ ಹಳೇದು." ನಾನು ಹೂಂ ಎಂದೆ. ಅವಳು ಹೋದ ಮೇಲೆ, ಅವಳು ಬಿಟ್ಟುಹೋದ ಈ ಚಿಪ್ಪನ್ನು ಬೆಳಕಿಗೆ ಹಿಡಿದು ನೋಡಿದೆ.

ತಪ್ಪು ನನ್ನದೋ ಅಲ್ಲವೋ ನನಗೆ ತಿಳಿಯುತ್ತಿಲ್ಲ, ಚಿಕ್ಕ. ಇಷ್ಟು ವರ್ಷ ಅಂಗಡಿ ನಡೆಸಿದವಳು ಈ ಮಾತನ್ನು ಬರೆಯುತ್ತಿದ್ದೇನೆ ಎಂದರೆ ನಿನಗೆ ಅರ್ಥವಾಗಬೇಕು.

ನೀನಿದ್ದಾಗ ಇನ್ನೂರಿಪ್ಪತ್ಮೂರರ (.223) ತೋಟಾ ಪೆಟ್ಟಿಗೆಗಳನ್ನು ನೀನು ಮೇಲಿನ ಹಲಗೆಯಲ್ಲಿಡುತ್ತಿದ್ದೆ, ಸೇನೆಯ ಅಳತೆಯ ಐದು ಐವತ್ತಾರರವನ್ನು (5.56) ಕೆಳಗೆ ಬೀಗ ಹಾಕಿ. ಕಟ್ಟಿಗೆ ಡಿಪೋದ ಯಜಮಾನರು ಬಂದು ಮೇಲಿನದು ಮುಗಿದಿದ್ದರೆ ಕೆಳಗಿನದೇ ಕೊಡಿ ಎಂದ ದಿನ ನೀನು ಬೀಗದ ಕೈ ಕೊಡಲಿಲ್ಲ. "ಕೂತ್ಕೊಳ್ಳುತ್ತೆ ಅತ್ತಿಗೆ, ಬೋಲ್ಟೂ ಮುಚ್ಚುತ್ತೆ. ಆದ್ರೆ ಅವ್ರ ಬಂದೂಕಲ್ಲಿ ತೋಟಾ ಕೂರೋ ಚೇಂಬರು ಬೇರೆ" ಎಂದೆ. ನಾಲ್ಕು ಜನ ಗಿರಾಕಿಗಳ ಮುಂದೆ ನಾನು ಹೇಳಿದ್ದು ನನಗೆ ನೆನಪಿದೆ. "ಅಂಗಡಿ ನಿಮ್ಮಣ್ಣಂದು. ನಿನ್ನ ಅನುಮಾನ ಮಾರೋಕೆ ಬೇರೆ ಅಂಗಡಿ ಇಟ್ಕೋ." ನೀನು ಎಣ್ಣೆ ಬಟ್ಟೆಯಲ್ಲಿ ಕೈ ಒರೆಸಿಕೊಂಡು ಎದ್ದು ಹೋದೆ. ಒಂದು ಮಾತು ತಿರುಗಿ ಆಡಿದ್ದರೆ ನನಗೂ ಜಗಳ ಮುಗಿಸಲು ಜಾಗ ಸಿಗುತ್ತಿತ್ತು.

ಮಾರನೆಯ ದಿನ ಎರಡನ್ನೂ ಪಕ್ಕಪಕ್ಕ ನಿಲ್ಲಿಸಿ ಅಳೆದೆ. ಉದ್ದ ಒಂದೇ, ಸುತ್ತಳತೆ ಒಂದೇ. ನಿನ್ನ ಮೇಲಿನ ಸಿಟ್ಟಿಗೆ ಅಳತೆಪಟ್ಟಿಯೂ ಸಾಕ್ಷಿ ಹೇಳಿತು. ಎರಡೂ ಬಗೆಯ ಪೆಟ್ಟಿಗೆಗಳನ್ನು ಒಡೆದು ಗೋಲಿ ಸುರಿದ ಹಾಗೆ ಒಂದೇ ಡ್ರಾಯರಿಗೆ ಸುರಿದೆ. ಹತ್ತು ಕೇಳಿದವರಿಗೆ ಹತ್ತು, ಇಪ್ಪತ್ತು ಕೇಳಿದವರಿಗೆ ಇಪ್ಪತ್ತು ಎಣಿಸಿ ಕೊಟ್ಟೆ. ಆರು ವರ್ಷ ಒಬ್ಬರೂ ದೂರು ತರಲಿಲ್ಲ. ಹಾಗಿದ್ದರೆ ಈಗೇನಾಯಿತು? ಇದೇ ನನ್ನ ತಲೆ ತಿನ್ನುತ್ತಿದೆ.

ಮಗಳು ಕಂಪ್ಯೂಟರಿನಲ್ಲಿ ಓದಿ ಹೇಳಿದಳು. ವ್ಯತ್ಯಾಸ ತೋಟಾದ ಮೈಯಲ್ಲಿ ಕಾಣುವುದಿಲ್ಲವಂತೆ, ಬಂದೂಕಿನ ಒಳಗಿದೆಯಂತೆ. ಗುಂಡು ಚಿಪ್ಪಿನಿಂದ ಹೊರಟು ನಳಿಗೆಯ ಗೆರೆಗಳನ್ನು ಕಚ್ಚುವ ಮುಂಚೆ ಸ್ವಲ್ಪ ಬರಿಜಾಗ ಇರುತ್ತದಂತೆ. ಐದು ಐವತ್ತಾರರ ಬಂದೂಕಿನಲ್ಲಿ ಆ ಜಾಗ ಹೆಚ್ಚು, ಇನ್ನೂರಿಪ್ಪತ್ಮೂರರಲ್ಲಿ ಕಡಿಮೆ. ಕಡಿಮೆ ಜಾಗದಲ್ಲಿ ಐದು ಐವತ್ತಾರರ ಬಿರುಸಾದ ತೋಟಾ ಹಾರಿಸಿದರೆ ಒತ್ತಡ ಏರುತ್ತದೆ. ಸರಿ, ಒಪ್ಪಿದೆ. ಆದರೆ ಇನ್ನೂರಿಪ್ಪತ್ಮೂರರ ತೋಟಾ ಐದು ಐವತ್ತಾರರ ಬಂದೂಕಿನಲ್ಲಿ ಆಗುತ್ತದೆ, ಅದರದು ಇದರಲ್ಲಿ ಆಗುವುದಿಲ್ಲ ಎಂದರೆ ಏನು ನ್ಯಾಯ? ಮುನ್ನೂರೆಂಟು ಎಂಬ ಬೇರೆ ಅಳತೆಯ ತೋಟಾದ ವಿಷಯಕ್ಕೆ ಬಂದರೆ ಅಂಗಡಿಯದೇ ಬಿರುಸು, ಸೇನೆಯದು ಮೆದು, ಎಲ್ಲ ತಿರುಗಾಮುರುಗಾ ಎಂದಳು. "ಸಾಕು ಮಾಡೇ" ಎಂದು ಗದರಿದೆ. ಗದರಿದ್ದು ಅವಳ ಮೇಲಿನ ಕೋಪಕ್ಕಲ್ಲ. ತಲೆಗೆ ಹೋಗಲಿಲ್ಲ, ಅದಕ್ಕೆ.

ಕೋಚ್ ಮೇಡಂ ರೈಫಲ್ಲಿನ ನಳಿಗೆಯ ಮೇಲೆ ಇನ್ನೂರಿಪ್ಪತ್ಮೂರು ಎಂದು ಕೊರೆದಿದೆ. ನಿನಗೆ ಕಳಿಸಿದ ಚಿಪ್ಪಿನ ಬುಡದಲ್ಲಿ ಆ ಅಂಕಿಯಿಲ್ಲ. ಒಂದು ಸುತ್ತು, ಅದರೊಳಗೆ ಒಂದನ್ನೊಂದು ದಾಟುವ ಎರಡು ಗೆರೆ, ಪಕ್ಕಕ್ಕೆ ವರ್ಷ. ಪಿನ್ನು ಬಡಿಯುವ ನಡುವಿನ ಕ್ಯಾಪು ಸುತ್ತಿಗೆಯಲ್ಲಿ ಬಡಿದ ಹಾಗೆ ಚಪ್ಪಟೆಯಾಗಿದೆ. "ಸೇನೆ ಗುರುತು ಅನ್ಸುತ್ತಮ್ಮ" ಎಂದಳು ಮಗಳು. ಅನಿಸಿಕೆ ಇಟ್ಟುಕೊಂಡು ನಾನೇನು ಮಾಡಲಿ? ನಿಜಕ್ಕೂ ಬಂದೂಕೇ ಸವೆದಿತ್ತೋ, ಬೋಲ್ಟು ಸರಿಯಾಗಿ ಕೂತಿರಲಿಲ್ಲವೋ, ನನ್ನ ಡ್ರಾಯರೋ? ಒಂದೊಂದು ಗಳಿಗೆಗೆ ಒಂದೊಂದು ನಿಜವೆನಿಸುತ್ತದೆ.

ಈಚೆಗೆ ಆ ಡ್ರಾಯರಿನಿಂದ ಬಿಡಿಯಾಗಿ ತೋಟಾ ಒಯ್ದ ಏಳು ಜನಕ್ಕೂ ಫೋನ್ ಮಾಡಿ ವಾಪಸ್ ತರಿಸಿದ್ದೇನೆ. ಡಿಪೋದವರು ನಕ್ಕರು. "ಏನಮ್ಮಾ, ಗುಂಡು ಹಳಸಿಹೋಯ್ತಾ?" ನಗಲಿ. ಈಗ ಮೇಜಿನ ಮೇಲೆ ಎಲ್ಲವನ್ನೂ ಸುರಿದುಕೊಂಡು ಬುಡ ನೋಡಿ ಬೇರೆ ಮಾಡುತ್ತಿದ್ದೇನೆ. ಅಂಕಿಯಿದ್ದವು ಒಂದು ಗುಡ್ಡೆ, ಸುತ್ತಿನ ಗುರುತಿದ್ದವು ಒಂದು ಗುಡ್ಡೆ. ಮೂರನೆಯದೊಂದು ಗುಡ್ಡೆಯಿದೆ, ಅದು ಯಾವುದೆಂದು ನನಗೆ ಗೊತ್ತಾಗುವುದಿಲ್ಲ. ಅದೇ ದಿನದಿನಕ್ಕೆ ದೊಡ್ಡದಾಗುತ್ತಿದೆ.

ಸುತ್ತಲಿನವರೆಲ್ಲ ನನಗೆ ಹೆದರಿ, ಇಲ್ಲವೇ ಮರ್ಯಾದೆಗೆ, ನಿಮ್ಮ ತಪ್ಪಲ್ಲ ಎನ್ನುತ್ತಾರೆ. ನನ್ನ ಮುಖಕ್ಕೇ ನಿಜ ಹೇಳುವವನು ಈ ಮನೆಯಲ್ಲಿ ಒಬ್ಬನೇ ಇದ್ದ, ಅವನನ್ನು ನಾನು ಕಳಿಸಿಬಿಟ್ಟೆ. ಈ ಮನೆಗೆ ಬಂದಾಗಿನಿಂದ ಕ್ಷಮಿಸು ಎಂದು ನಾನು ಯಾರಿಗೂ ಅಂದಿಲ್ಲ, ನಿಮ್ಮಣ್ಣನಿಗೂ ಅಂದಿಲ್ಲ. ಅದನ್ನು ಎಲ್ಲಿಂದ ಶುರು ಮಾಡಬೇಕೆಂಬುದೂ ನನಗೆ ತಿಳಿಯದು.

ಷಟರ್ ಎಳೆದಿದ್ದೇನೆ. ನೀನು ಬಂದು ಆ ರೈಫಲ್ಲಿನ ಒಳಗನ್ನು ಅಳೆದು ಹೇಳುವವರೆಗೆ ತೆರೆಯುವುದಿಲ್ಲ. ತಪ್ಪು ನನ್ನದೇ ಎಂದಾದರೆ ಮೆತ್ತಗೆ ಮಾಡಿ ಹೇಳಬೇಡ, ನೆಟ್ಟಗೆ ಹೇಳು. ಕೋಚ್ ಮೇಡಂ ಮನೆಗೆ ಹೋಗಿ ಅವಳಿಗೆ ತಿಳಿಸುವವಳು ನಾನು. ಬಾಗಿಲವರೆಗೆ ಮಾತ್ರ ನೀನು ಜೊತೆಗೆ ಬಾ.

ನಿನ್ನ ಕೈ, ಕಣ್ಣು ಎರಡೂ ಚೆನ್ನಾಗಿರಲಿ, ನೂರು ಕಾಲ ಬಾಳು.

ದಾರಿ ನೋಡುತ್ತಿರುವ,
ಅತ್ತಿಗೆ