ಗುಡ್ಡದ ದಾರಿಯ ರಿಬ್ಬನ್

ಅಪ್ಪ,

ಊಟದ ಮೇಜಿನ ಮೇಲೆ ಕೆಂಪು ರಿಬ್ಬನ್‌ಗಳನ್ನು ಅಷ್ಟು ಅಚ್ಚುಕಟ್ಟಾಗಿ ಸುತ್ತಿಟ್ಟಿದ್ದಿರಲ್ಲ, ನೋಡಿ ಮೈಯೆಲ್ಲ ಉರಿದುಹೋಯಿತು. ಅದು ಕಸವಲ್ಲ. ಇವತ್ತಿನ ಓಟಕ್ಕೆ ದಾರಿ ತೋರಿಸಲಿ ಅಂತ ನಾವು ಟೀಚರುಗಳೆಲ್ಲ ನಿನ್ನೆ ಗುಡ್ಡ ಹತ್ತಿ ಮರಮರಕ್ಕೂ ಕಟ್ಟಿದ್ದು. ಸಂಜೆ ವಾಕಿಂಗ್ ಹೋದವರು ಒಂದೂ ಬಿಡದೆ ಬಿಚ್ಚಿಕೊಂಡು ಬಂದಿದ್ದೀರಿ. ಕಾಡಿನಲ್ಲಿ ನಡೆದ ಗುರುತು ಬಿಡಬಾರದು ಅಂತ ಸೈನ್ಯದಲ್ಲಿ ಕಲಿಸಿದ್ದರಂತೆ. ರಿಟೈರಾಗಿ ಎಷ್ಟು ಕಾಲವಾಯಿತು? ಅಮ್ಮನಿಗೆ ಹೇಳಿದರೆ, "ಅವರ ಕೈ ಸುಮ್ನಿರಲ್ಲ ಕಣೆ" ಅಂತ ನಗುತ್ತಾಳೆ. ನನಗೆ ನಗು ಬರುತ್ತಿಲ್ಲ.

ಈ ಓಟದಿಂದ ಕೂಡುವ ದುಡ್ಡು ಮಾಜಿ ಸೈನಿಕರ ಚಿಕಿತ್ಸೆಗೆ, ಸೋರುವ ನಮ್ಮ ಶಾಲೆಯ ಸೂರಿಗೆ. "ನನಗೋಸ್ಕರ ಯಾರೂ ಓಡೋದು ಬೇಡ" ಅಂತ ವಾರವಿಡೀ ಮುಖ ಗಂಟಿಕ್ಕಿಕೊಂಡು ಕೂತಿರಿ. ಸರಿ, ಬೇಡ. ಮಕ್ಕಳಿಗೋಸ್ಕರವಾದರೂ ಓಡಲು ಬಿಡಿ.

ರಿಬ್ಬನ್ ತೆಗೆದುಕೊಂಡು ಹೊರಟಿದ್ದೇನೆ. ಶಾಲೆಯ ಕಡೆಯಿಂದ ಮತ್ತೆ ಕಟ್ಟುತ್ತಾ ಬರುತ್ತೇನೆ. ನಮ್ಮ ಮನೆ ಹಿಂದಿನ ಕವಲು ಮುಟ್ಟುವಷ್ಟರಲ್ಲಿ ಓಟ ಶುರುವಾಗಿರುತ್ತದೆ. ಅಲ್ಲಿ ದಾರಿ ತಪ್ಪಿ ಎಡಕ್ಕೆ ಹೋದವರು ಸೀದಾ ಹಳೆಯ ಕಲ್ಲುಕ್ವಾರಿಯ ಅಂಚಿಗೆ ಹೋಗುತ್ತಾರೆ. ಅದಕ್ಕೇ ಆ ಕವಲಿನಲ್ಲಿ ನೀವು ನಿಂತು ಬಲಕ್ಕೆ ಕೈ ತೋರಿಸಬೇಕು. ಮಂಡಿನೋವಿನ ನೆಪ ಬೇಡ, ನಿನ್ನೆ ಗುಡ್ಡವಿಡೀ ಸುತ್ತಿದ ಮಂಡಿಯೇ ತಾನೆ ಅದು. ಆದರೂ ಪಟ್ಟಿ ಕಟ್ಟಿಕೊಳ್ಳಿ. ಮಡಿಸುವ ಸ್ಟೂಲನ್ನು ಬಾಗಿಲ ಹತ್ತಿರ ಇಟ್ಟಿದ್ದೇನೆ. ಫ್ಲಾಸ್ಕಿನ ಟೀಗೆ ಸಕ್ಕರೆ ಹಾಕಿಲ್ಲ, ಮುಖ ಸಿಂಡರಿಸದೆ ಕುಡಿಯಿರಿ.

ಎಲ್ಲರಿಗಿಂತ ಹಿಂದೆ ಬಿದ್ದವರು ದಾಟುವ ತನಕ ಜಾಗ ಬಿಟ್ಟು ಕದಲಬೇಡಿ. ಅದನ್ನೂ ಸೈನ್ಯದಲ್ಲಿ ಕಲಿಸಿರುತ್ತಾರೆ.